ನೆರಳಿನಿಂದ ಘನರೂಪಕ್ಕೆ

ಈ ಸಮ್ಮೇಳನಕ್ಕೆ ಬಂದಿರುವ ಕನ್ನಡ ಬಂಧುಗಳಲ್ಲಿ ಇಂಜಿನಿಯರುಗಳೂ ವೈದ್ಯರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಮ್ಯಾಟ್‌ಲ್ಯಾಬ್ ಎಂಬ ಗಣಿತ ತಂತ್ರಾಂಶವನ್ನು ಬಳಸಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣದ ನೆರಳುಗಳನ್ನು ಕೂಡಿಸಿ ವಸ್ತುವಿನ ಒಳಚಿತ್ರವನ್ನು ಕಟ್ಟಿಕೊಡುವ ಆದೇಶವೊಂದು ಅದರಲ್ಲಿದೆ. ಯಾವ ಫಿಲ್ಟರ್ ಬೇಕೆಂದು ನಾವು ಹೇಳದಿದ್ದರೆ ಅದು ತಾನಾಗಿಯೇ ‘ರಾಮ್-ಲ್ಯಾಕ್’ ಎಂಬುದನ್ನು ಆರಿಸಿಕೊಳ್ಳುತ್ತದೆ. ಕೇಳುವವರಿಗೆ ಅದು ಯಾವುದೋ ಯಂತ್ರಭಾಗದ ಸಂಕ್ಷೇಪನಾಮದಂತೆ ತೋರುತ್ತದೆ. ವಾಸ್ತವವಾಗಿ ಅದರಲ್ಲಿ ಇಬ್ಬರ ಹೆಸರುಗಳು ಅಡಗಿವೆ: ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿದ್ದ ಆ ವಿದ್ಯಾಕೇಂದ್ರದಲ್ಲಿದ್ದ, ಈ ಇಬ್ಬರು 1971ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಐದು ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಆ ಐದು ಪುಟಗಳ ಸಾರವೇ ಈ ಫಿಲ್ಟರ್.

ಇದನ್ನು ಕೇವಲ ಹೆಮ್ಮೆಯ ಕಥೆಯಾಗಿ ಹೇಳುವುದು ಈ ಲೇಖನದ ಉದ್ದೇಶವಲ್ಲ. ಹೆಮ್ಮೆಗೆ ಅಲ್ಲಿ ಎಡೆಯಿದೆ ಎಂಬುದು ಬೇರೆ ಮಾತು. ಕಳೆದ ಹಲವು ವರ್ಷಗಳಿಂದ ಆಸ್ಪತ್ರೆಗಳಲ್ಲಿ ರೋಗಿಯ ದವಡೆ, ತಲೆಬುರುಡೆ, ಹೃದಯಗಳ ಪ್ರತಿಕೃತಿಗಳನ್ನು ಮೂರು ಆಯಾಮದ ಮುದ್ರಣಯಂತ್ರದಲ್ಲಿ ತಯಾರಿಸಿ, ಶಸ್ತ್ರಚಿಕಿತ್ಸೆಗೆ ಮುನ್ನ ಕೈಯಲ್ಲಿ ಹಿಡಿದು ನೋಡುವ ಪದ್ಧತಿ ಬೆಳೆದಿದೆ. ಅದೇ ಗಣಿತದ ಬಂಧುಬಳಗ ನಮ್ಮ ನಾಡಿನ ಶಿಲಾಶಾಸನಗಳನ್ನೂ ಉಳಿಸಲು ಹೊರಟಿದೆ. ಪರದೆಯ ಮೇಲಿನ ಚಿತ್ರವನ್ನು ಕಂಡಾಗ ‘ಇದು ಸರಿಯೇ?’ ಎಂದು ನಾವು ಒಮ್ಮೆಯಾದರೂ ಕೇಳುತ್ತೇವೆ. ಗಟ್ಟಿಯಾದ ವಸ್ತುವೊಂದು ಅಂಗೈಯ ಮೇಲೆ ಕುಳಿತರೆ ಆ ಪ್ರಶ್ನೆ ಏಳುವುದೇ ಇಲ್ಲ. ಆದರೆ ಆ ವಸ್ತುವಿನಲ್ಲಿ ಅಳೆದದ್ದೆಷ್ಟು, ಊಹಿಸಿದ್ದೆಷ್ಟು? ನೆರಳಿನಿಂದ ಮುದ್ರಣದವರೆಗಿನ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನಡೆದು ನೋಡಿದರೆ ಉತ್ತರ ದೊರೆಯುತ್ತದೆ. ಗಣಿತವೆಂದೊಡನೆ ಪುಟ ತಿರುಗಿಸುವವರಿಗೆ ಒಂದು ಭರವಸೆ: ಕೂಡುವುದು ಕಳೆಯುವುದಕ್ಕಿಂತ ಹೆಚ್ಚಿನದನ್ನು ಇಲ್ಲಿ ಕೇಳುವುದಿಲ್ಲ.

ನೆರಳುಗಳ ಲೆಕ್ಕ

ನಾಲ್ಕು ಮನೆಗಳ ಒಂದು ಚೌಕವನ್ನು ಕಲ್ಪಿಸಿಕೊಳ್ಳೋಣ. ಪ್ರತಿ ಮನೆಯಲ್ಲೂ ಒಂದು ಅಂಕಿ ಅಡಗಿದೆ. ನಮಗೆ ಅದು ಕಾಣದು. ಮೇಲಿನ ಸಾಲಿನ ಮೊತ್ತ 7, ಕೆಳಗಿನ ಸಾಲಿನದು 8. ಎಡ ಕಂಬದ ಮೊತ್ತ 6, ಬಲ ಕಂಬದ್ದು 9 ಎಂದಷ್ಟೇ ಗೊತ್ತು. ಅಡಗಿರುವ ಅಂಕಿಗಳಾವುವು? ಮೇಲೆ 5 ಮತ್ತು 2, ಕೆಳಗೆ 1 ಮತ್ತು 7 ಎಂದರೆ ಲೆಕ್ಕ ಸರಿಹೋಗುತ್ತದೆ. ಮೇಲೆ 4 ಮತ್ತು 3, ಕೆಳಗೆ 2 ಮತ್ತು 6 ಎಂದರೂ ಸರಿಯೇ! ಎರಡು ದಿಕ್ಕುಗಳ ನೆರಳು ಸಾಲದು. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಓರೆಯಾಗಿ ಕೂಡಿದರೆ 12 ಬರುತ್ತದೆ ಎಂದು ಮೂರನೆಯ ದಿಕ್ಕಿನಿಂದ ಯಾರಾದರೂ ತಿಳಿಸಿದರೆ ಸಂಶಯ ನೀಗುತ್ತದೆ: ಮೊದಲನೆಯದೇ ನಿಜ, ಎರಡನೆಯದರಲ್ಲಿ ಆ ಮೊತ್ತ 10.

ಕ್ಷ-ಕಿರಣ ಮಾಡುವುದು ಇದನ್ನೇ. ದೇಹವನ್ನು ಹಾಯ್ದು ಬರುವ ಒಂದೊಂದು ಕಿರಣವೂ ದಾರಿಯುದ್ದಕ್ಕೂ ಎಷ್ಟು ಹೀರಿಕೆಗೆ ಒಳಗಾಯಿತೆಂಬ ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತದೆ. ಎಲ್ಲೆಲ್ಲಿ ಎಷ್ಟೆಷ್ಟು ಎಂಬುದನ್ನು ಹೇಳದು. ಎಲ್ಲ ದಿಕ್ಕುಗಳ ಮೊತ್ತಗಳೂ ಗೊತ್ತಿದ್ದರೆ ಒಳಗಿನ ಹಂಚಿಕೆಯನ್ನು ನಿಖರವಾಗಿ ಮರಳಿ ಪಡೆಯಬಹುದೆಂದು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ ಸಾಧಿಸಿದ್ದ. ಯುದ್ಧದ ನಡುವೆ ಲೈಪ್‌ಜಿಗ್‌ನಲ್ಲಿ ಅಚ್ಚಾದ ಆ ಪ್ರಮೇಯಕ್ಕೂ ವೈದ್ಯಕೀಯಕ್ಕೂ ಅಂದು ಯಾವ ನಂಟೂ ಇರಲಿಲ್ಲ. 1956ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಭೌತವಿಜ್ಞಾನಿಯಾಗಿದ್ದ ಅಲನ್ ಕಾರ್ಮ್ಯಾಕ್ ಅದೇ ಪ್ರಶ್ನೆಯನ್ನು ಹೊಸದಾಗಿ ಎದುರಿಸಿ, ಮರದ ಬಳೆಯೊಳಗೆ ಅಲ್ಯೂಮಿನಿಯಂ ಬಿಲ್ಲೆಯನ್ನು ಕೂರಿಸಿ ಪ್ರಯೋಗ ಮಾಡಿ, ತನ್ನದೇ ದಾರಿಯಲ್ಲಿ ಉತ್ತರ ಕಂಡುಕೊಂಡ. 1963 ಮತ್ತು 1964ರಲ್ಲಿ ಅವನ ಲೇಖನಗಳು ಹೊರಬಂದವು. ರಾಡಾನನ ಹೆಸರನ್ನು ಅವನು ಕೇಳಿದ್ದು ಅದಾದ ಎಷ್ಟೋ ವರ್ಷಗಳ ಅನಂತರ. ಒಂದೇ ಬಾವಿಯನ್ನು ಎರಡು ಸಲ ತೋಡಿದಂತಾಯಿತು.

ಲಂಡನ್ನಿನ ಇ.ಎಂ.ಐ. ಸಂಸ್ಥೆಯ ಗಾಡ್‌ಫ್ರೆ ಹೌನ್ಸ್‌ಫೀಲ್ಡನಿಗಾದರೋ ಇವೆರಡೂ ಗೊತ್ತಿರಲಿಲ್ಲ. ಅವನ ಮೊದಲ ಪ್ರಯೋಗಯಂತ್ರ 28,000 ಅಳತೆಗಳನ್ನು ತೆಗೆಯಲು ಒಂಬತ್ತು ದಿನ ತೆಗೆದುಕೊಂಡಿತು. ದೊಡ್ಡ ಕಂಪ್ಯೂಟರಿನಲ್ಲಿ ಲೆಕ್ಕಕ್ಕೆ ಎರಡೂವರೆ ಗಂಟೆ. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಆಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ಮೂಡಿತು. ಉದ್ದಗಲಕ್ಕೆ ಎಂಬತ್ತೆಂಬತ್ತು ಮನೆಗಳ ಒರಟು ಚಿತ್ರವಾದರೂ ಗಡ್ಡೆ ಇದ್ದ ಸ್ಥಳ ಸ್ಪಷ್ಟವಾಗಿತ್ತು. ಮೇಲೆ ಹೇಳಿದ ನಾಲ್ಕು ಮನೆಗಳ ಒಗಟನ್ನೇ ಸಾವಿರಾರು ಮನೆಗಳಿಗೆ ಹಿಗ್ಗಿಸಿ, ತಪ್ಪುತ್ತ ತಿದ್ದುತ್ತ ಬಿಡಿಸುವುದು ಅವನ ವಿಧಾನ. ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ 1979ರ ನೊಬೆಲ್ ಪಾರಿತೋಷಕ ಸಂದಿತು.

ಬೆಂಗಳೂರಿನ ಸೂತ್ರ

ಈಗ ನಮ್ಮ ಊರಿಗೆ ಬರೋಣ. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ರಾಮಚಂದ್ರನ್, ಸರ್ ಸಿ. ವಿ. ರಾಮನ್ ಅವರ ಬಳಿ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದವರು. ಅನಂತರ ಮದರಾಸಿನಲ್ಲಿ, ಕೊಲಾಜನ್ ಎಂಬ ಪ್ರೋಟೀನು ಮೂರು ಎಳೆಗಳ ಜಡೆಯಂತಿದೆಯೆಂದು ಗೋಪೀನಾಥ್ ಕರ್ತಾ ಅವರೊಡಗೂಡಿ 1954ರಲ್ಲಿ ತೋರಿಸಿ ಲೋಕಪ್ರಸಿದ್ಧರಾದರು. 1963ರ ‘ರಾಮಚಂದ್ರನ್ ನಕ್ಷೆ’ ಇಂದಿಗೂ ಜೀವರಸಾಯನ ಪಠ್ಯಗಳ ಮೊದಲ ಅಧ್ಯಾಯಗಳಲ್ಲಿರುತ್ತದೆ. ಬೆಂಗಳೂರಿಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟುತ್ತಿದ್ದ ಕಾಲದಲ್ಲಿ ಅವರ ಗಮನ ಈ ನೆರಳಿನ ಪ್ರಶ್ನೆಯತ್ತ ಹರಿಯಿತು. ಅವರಿಗೆ ಬೇಕಿದ್ದುದು ರೋಗಿಯ ತಲೆಯ ಚಿತ್ರವಷ್ಟೇ ಆಗಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಾಣುಗಳ ನೆರಳುಗಳಿಂದ ಅವುಗಳ ಮೂರು ಆಯಾಮದ ರೂಪವನ್ನು ಪಡೆಯುವ ಆಸೆಯೂ ಇತ್ತು. ಕೇಂಬ್ರಿಜ್ಜಿನಲ್ಲಿ ಡಿರೋಸಿಯರ್ ಮತ್ತು ಕ್ಲೂಗ್ 1968ರಲ್ಲಿ ಫೂರಿಯೇ ಪರಿವರ್ತನೆಯ ಮೂಲಕ ಅದನ್ನು ಸಾಧಿಸಿದ್ದರು. ಆದರೆ ಆ ದಾರಿಯಲ್ಲಿ ಎಲ್ಲ ನೆರಳುಗಳನ್ನೂ ಮೊದಲು ಬೇರೊಂದು ಗಣಿತಲೋಕಕ್ಕೆ ಒಯ್ದು, ಅಲ್ಲಿ ಜೋಡಿಸಿ, ಮತ್ತೆ ಈ ಲೋಕಕ್ಕೆ ಇಳಿಸಿ ತರಬೇಕು. ಅಂದಿನ ಕಂಪ್ಯೂಟರುಗಳಿಗೆ ಅದು ಭಾರಿ ಹೊರೆ.

ಇದಕ್ಕಿಂತ ಸರಳವೆಂದು ತೋರುವ ಒಂದು ಉಪಾಯವಿದೆ. ಪ್ರತಿಯೊಂದು ನೆರಳನ್ನೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿಯುವುದು. ಎಲ್ಲ ದಿಕ್ಕುಗಳ ಬಳಿತಗಳೂ ಒಂದರ ಮೇಲೊಂದು ಬಿದ್ದಾಗ ವಸ್ತು ಇದ್ದ ಜಾಗ ದಟ್ಟವಾಗಿ ಮೂಡುತ್ತದೆ. ಆದರೆ ಒಂದು ತೊಡಕು. ಒಂದೇ ಒಂದು ಚುಕ್ಕೆ ಇದ್ದ ಕಡೆ ಈ ಕ್ರಮದಿಂದ ಮೂಡುವುದು ಚುಕ್ಕೆಯಲ್ಲ. ಸುತ್ತಲೂ ಮಂಜು ಕವಿದ ನಕ್ಷತ್ರ. ಆ ಮಂಜು ದೂರ ಹೋದಂತೆ ನಿಧಾನವಾಗಿ ತೆಳುವಾಗುತ್ತದೆಯೇ ಹೊರತು ಎಲ್ಲಿಯೂ ಇಲ್ಲವಾಗುವುದಿಲ್ಲ. ನಿಜವಾದ ದೇಹದಲ್ಲಿ ಲಕ್ಷಾಂತರ ಚುಕ್ಕೆಗಳಿರುವುದರಿಂದ ಎಲ್ಲದರ ಮಂಜೂ ಬೆರೆತು ಚಿತ್ರ ಕಲಸಿಹೋಗುತ್ತದೆ.

ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ತೋರಿಸಿದ್ದು ಇಷ್ಟು: ಬಳಿಯುವ ಮೊದಲೇ ಪ್ರತಿ ನೆರಳನ್ನೂ ಒಂದು ಚಿಕ್ಕ ಅಂಕಿಮಾಲೆಯಿಂದ ಹದಮಾಡಿಕೊಂಡರೆ ಸಾಕು. ಆ ಮಾಲೆಯ ನಡುವಿನ ಮಣಿ 0.25. ಅದರ ಎಡಬಲದ ಮೊದಲ ಮಣಿಗಳು ಋಣ 0.1013. ಎರಡನೆಯವು ಸೊನ್ನೆ. ಮೂರನೆಯವು ಋಣ 0.0113. ನಾಲ್ಕನೆಯವು ಮತ್ತೆ ಸೊನ್ನೆ. ಐದನೆಯವು ಋಣ 0.0041. ಹೀಗೆ ಸಮಸ್ಥಾನಗಳಲ್ಲಿ ಸೊನ್ನೆ, ಬೆಸಸ್ಥಾನಗಳಲ್ಲಿ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವ ಋಣಸಂಖ್ಯೆಗಳು. ಎಲ್ಲವನ್ನೂ ಕೂಡಿದರೆ ನಡುವಿನ 0.25ನ್ನು ಎರಡು ಪಕ್ಕದ ಋಣಗಳೂ ಸೇರಿ ಸರಿಯಾಗಿ ತೀರಿಸಿಬಿಡುತ್ತವೆ, ಮೊತ್ತ ಸೊನ್ನೆ. ಚುಕ್ಕೆಯ ನೆರಳಿನ ಎರಡೂ ಮಗ್ಗುಲಿಗೆ ಹೀಗೆ ಮುಂಚಿತವಾಗಿಯೇ ಸ್ವಲ್ಪ ‘ಸಾಲ’ವನ್ನು ಬರೆದಿಟ್ಟುದರಿಂದ, ಹಿಂದಕ್ಕೆ ಬಳಿದಾಗ ಏಳುವ ಮಂಜು ಆ ಸಾಲಕ್ಕೆ ವಜಾ ಆಗುತ್ತದೆ. ಉಳಿಯುವುದು ಚುಕ್ಕೆ ಮಾತ್ರ.

ಈ ಕ್ರಮದ ಬಲವಿರುವುದು ಒಂದು ವ್ಯಾವಹಾರಿಕ ಅಂಶದಲ್ಲಿ. ಒಂದು ನೆರಳು ಬಂದ ಕೂಡಲೇ ಅದನ್ನು ಹದಮಾಡಿ ಬಳಿದುಬಿಡಬಹುದು. ಉಳಿದವು ಬರಲೆಂದು ಕಾಯಬೇಕಾಗಿಲ್ಲ. ರೋಗಿ ಯಂತ್ರದೊಳಗೆ ಇರುವಾಗಲೇ ಲೆಕ್ಕ ಸಾಗುತ್ತಿರುತ್ತದೆ. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು: ರೇಡಿಯೋ ಖಗೋಳದಲ್ಲಿ ಇದಕ್ಕೆ ಹತ್ತಿರದ ಸೂತ್ರವನ್ನು ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಕಂಡುಕೊಂಡಿದ್ದರು. ಆದರೂ ಕ್ಷ-ಕಿರಣ ಚಿತ್ರದ ಜಗತ್ತಿಗೆ ಇದನ್ನು ಬಳಕೆಗೆ ಸಿದ್ಧವಾದ ಅಂಕಿಗಳ ರೂಪದಲ್ಲಿ ಕೊಟ್ಟ ಹಿರಿಮೆ ಬೆಂಗಳೂರಿನದು. ರಾಮಚಂದ್ರನ್ 2001ರಲ್ಲಿ ತೀರಿಕೊಂಡರು. ಅವರ ಕೀರ್ತಿ ಪ್ರೋಟೀನಿನ ಕೆಲಸದ ಮೇಲೆಯೇ ನಿಂತಿದೆ. ಆದರೆ ಜನಸಾಮಾನ್ಯರ ಮೈಯನ್ನು ಅತಿ ಹೆಚ್ಚು ಸಲ ಮುಟ್ಟಿರುವುದು ಈ ಉಪಶಾಖೆಯೆಂದೇ ನನ್ನ ಎಣಿಕೆ.

ಇಲ್ಲಿಯೇ ಮೊದಲ ಆಯ್ಕೆಯೂ ಎದುರಾಗುತ್ತದೆ. ಈ ಅಂಕಿಮಾಲೆ ಅಂಚುಗಳನ್ನು ಚೂಪಾಗಿಸುವಾಗ ಅಳತೆಯಲ್ಲಿ ಸೇರಿಕೊಂಡ ಗೊಂದಲವನ್ನೂ ಚೂಪಾಗಿಸುತ್ತದೆ. ಅದಕ್ಕಾಗಿ 1974ರಲ್ಲಿ ಬೆಲ್ ಪ್ರಯೋಗಶಾಲೆಯ ಶೆಪ್ ಮತ್ತು ಲೋಗನ್ ಮಾಲೆಯನ್ನು ತುಸು ಮೃದುಗೊಳಿಸಿದರು. ಮೂಳೆಗೆ ಚೂಪಾದದ್ದು, ಮೃದು ಅಂಗಾಂಶಕ್ಕೆ ನಯವಾದದ್ದು ಎಂದು ಇಂದಿನ ಯಂತ್ರಗಳಲ್ಲಿ ಬೇರೆಬೇರೆ ಆಯ್ಕೆಗಳಿವೆ. ಹೌನ್ಸ್‌ಫೀಲ್ಡನ ತಪ್ಪುತ್ತ ತಿದ್ದುವ ವಿಧಾನವೂ ಕಂಪ್ಯೂಟರುಗಳು ವೇಗವಾದ ಮೇಲೆ ಮರಳಿ ಬಂದಿದೆ. ಈಚೆಗೆ, ಮೊದಲೇ ನೋಡಿದ ಸಾವಿರಾರು ಚಿತ್ರಗಳಿಂದ ‘ಕಲಿತ’ ಜಾಲಗಳೂ ಗೊಂದಲವನ್ನು ಒರೆಸುವ ಕೆಲಸಕ್ಕೆ ಸೇರಿಕೊಂಡಿವೆ. ಅಂಥ ಚಿತ್ರ ಬಹಳ ಸ್ವಚ್ಛವಾಗಿ ಕಾಣುತ್ತದೆ. ಆ ಸ್ವಚ್ಛತೆಯಲ್ಲಿ ಒಂದು ಪಾಲು ಈ ರೋಗಿಯದು, ಇನ್ನೊಂದು ಪಾಲು ಹಿಂದಿನ ರೋಗಿಗಳದು ಎಂಬುದನ್ನು ಮರೆಯಬಾರದು.

ಹೊಸ್ತಿಲು ಮತ್ತು ತ್ರಿಕೋನ

ಇಷ್ಟಾದ ಮೇಲೆ ನಮ್ಮ ಕೈಯಲ್ಲಿರುವುದು ಅಂಕಿಗಳ ಒಂದು ಗುಡ್ಡ. ದೇಹವನ್ನು ಸಣ್ಣ ಸಣ್ಣ ಸಕ್ಕರೆ ಅಚ್ಚುಗಳಂತೆ ಕತ್ತರಿಸಿ ಪ್ರತಿಯೊಂದಕ್ಕೂ ಒಂದು ಅಂಕಿ ಬರೆದಂತೆ. ಹೌನ್ಸ್‌ಫೀಲ್ಡನ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಮೂಳೆಗೆ ಕೆಲವು ನೂರರಿಂದ ಮೇಲಕ್ಕೆ. ಆದರೆ ಮುದ್ರಣಯಂತ್ರಕ್ಕೆ ಅಂಕಿ ಬೇಡ, ಮೈ ಬೇಕು: ಇಲ್ಲಿಂದ ಒಳಗೆ ಮೂಳೆ, ಇಲ್ಲಿಂದ ಹೊರಗೆ ಅಲ್ಲ ಎಂಬ ಗಡಿ. ಆ ಗಡಿಯನ್ನು ಎಳೆಯುವ ಜನಪ್ರಿಯ ವಿಧಾನವನ್ನು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಲಾರೆನ್‌ಸನ್ ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ಪ್ರಕಟಿಸಿದರು. ‘ಮಾರ್ಚಿಂಗ್ ಕ್ಯೂಬ್ಸ್’, ಅಂದರೆ ಹೆಜ್ಜೆ ಹಾಕುವ ಘನಗಳು, ಎಂದು ಅದರ ಹೆಸರು.

ಮೊದಲು ಒಂದು ಹೊಸ್ತಿಲನ್ನು ಗೊತ್ತುಮಾಡಬೇಕು, 300 ಎಂದಿಟ್ಟುಕೊಳ್ಳೋಣ. ಪಕ್ಕಪಕ್ಕದ ಎಂಟು ಅಂಕಿಗಳನ್ನು ಎಂಟು ಮೂಲೆಗಳಾಗಿ ಹೊಂದಿರುವ ಘನವನ್ನು ತೆಗೆದುಕೊಂಡರೆ ಪ್ರತಿ ಮೂಲೆಯೂ ಹೊಸ್ತಿಲಿನ ಒಳಗೆ ಅಥವಾ ಹೊರಗೆ. ಎರಡರ ಎಂಟನೆಯ ಘಾತ 256 ಸಾಧ್ಯತೆಗಳು. ಘನವನ್ನು ತಿರುಗಿಸಿ, ಒಳಹೊರಗನ್ನು ಅದಲುಬದಲು ಮಾಡಿ ನೋಡಿದರೆ ಬೇರೆಬೇರೆಯಾಗಿ ಉಳಿಯುವುದು 15 ಬಗೆಗಳು. ಪ್ರತಿ ಬಗೆಗೂ ಯಾವ ಅಂಚುಗಳನ್ನು ಸೇರಿಸಿ ತ್ರಿಕೋನಗಳನ್ನು ಕಟ್ಟಬೇಕೆಂಬ ಕೋಷ್ಟಕ ಸಿದ್ಧವಿರುತ್ತದೆ. ಅಂಚಿನ ಒಂದು ತುದಿಯಲ್ಲಿ 100, ಇನ್ನೊಂದರಲ್ಲಿ 500 ಇದ್ದರೆ 300ರ ಗಡಿ ನಟ್ಟನಡುವೆ. ಹೊಸ್ತಿಲನ್ನು 200ಕ್ಕೆ ಇಳಿಸಿದರೆ ಗಡಿ ಕಾಲುಭಾಗಕ್ಕೆ ಸರಿಯುತ್ತದೆ. ಮೂಳೆ ಅಷ್ಟರಮಟ್ಟಿಗೆ ದಪ್ಪವಾಗುತ್ತದೆ! ರೋಗಿಯಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಹೊಸ್ತಿಲು. (ಎದುರುಬದುರು ಮೂಲೆಗಳು ಮಾತ್ರ ಒಳಗಿದ್ದಾಗ ತ್ರಿಕೋನಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು, ಅಕ್ಕಪಕ್ಕದ ಘನಗಳು ಬೇರೆಬೇರೆ ಬಗೆಯನ್ನು ಹಿಡಿದರೆ ಮೈಯಲ್ಲಿ ತೂತು ಬೀಳುತ್ತದೆಂದು 1988ರಲ್ಲೇ ಒಬ್ಬರು ಎತ್ತಿ ತೋರಿಸಿದರು. ಅದನ್ನು ಆಮೇಲೆ ಸರಿಪಡಿಸಲಾಯಿತು.)

ಕಣ್ಣುಗುಡ್ಡೆ ಕುಳಿತಿರುವ ಗೂಡಿನ ತಳದ ಮೂಳೆ ಕಾಗದದಷ್ಟು ತೆಳು. ಒಂದು ಸಕ್ಕರೆ ಅಚ್ಚಿನಲ್ಲಿ ಆ ಮೂಳೆಯೂ ಪಕ್ಕದ ಗಾಳಿಯೂ ಕೊಬ್ಬೂ ಬೆರೆತು, ಅಂಕಿ ಹೊಸ್ತಿಲಿಗಿಂತ ಕೆಳಗೆ ಇಳಿಯುತ್ತದೆ. ಆಗ ಮುದ್ರಿತ ತಲೆಬುರುಡೆಯಲ್ಲಿ ಆ ಜಾಗ ತೂತಾಗಿ ಕಾಣುತ್ತದೆ. ಅಪಘಾತದಲ್ಲಿ ಮುಖಕ್ಕೆ ಪೆಟ್ಟಾದವನ ವಿಷಯದಲ್ಲಿ ಇದು ಸಣ್ಣ ಮಾತಲ್ಲ: ಮೂಳೆ ಒಡೆದಿದೆಯೋ, ಲೆಕ್ಕ ಅದನ್ನು ನುಂಗಿದೆಯೋ? ಅನುಭವಿ ಶಸ್ತ್ರವೈದ್ಯರು ಮುದ್ರಿತ ಮಾದರಿಯ ಪಕ್ಕದಲ್ಲಿ ಮೂಲ ಚಿತ್ರಗಳನ್ನೂ ತೆರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ.

ತ್ರಿಕೋನಗಳ ಈ ರಾಶಿಯನ್ನು ಯಂತ್ರಕ್ಕೆ ಒಪ್ಪಿಸುವ ಕಡತವೇ ‘ಎಸ್.ಟಿ.ಎಲ್.’. ಬೆಳಕು ಬಿದ್ದಾಗ ಗಟ್ಟಿಯಾಗುವ ರಾಳದಿಂದ ಪದರಪದರವಾಗಿ ವಸ್ತುವನ್ನು ಕಟ್ಟುವ ವಿಚಾರವನ್ನು ಜಪಾನಿನ ನಗೋಯದಲ್ಲಿ ಹಿದೆಯೊ ಕೊಡಾಮ 1981ರಲ್ಲಿ ಬರೆದು ಪ್ರಕಟಿಸಿದ್ದರು. 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1986ರಲ್ಲಿ ಪಡೆದು ಅದನ್ನು ಉದ್ಯಮವಾಗಿಸಿದವರು ಅಮೆರಿಕದ ಚಾರ್ಲ್ಸ್ ಹಲ್. ಅವರ ಸಂಸ್ಥೆಯಿಂದ 1987ರಲ್ಲಿ ಬಂದದ್ದು ಈ ಕಡತ. ಒಂದು ತ್ರಿಕೋನಕ್ಕೆ 50 ಬೈಟ್. ಹತ್ತು ಲಕ್ಷ ತ್ರಿಕೋನಗಳಿಗೆ ಐದು ಕೋಟಿ. ಅದರಲ್ಲಿ ಮಿಲಿಮೀಟರೋ ಅಂಗುಲವೋ ಎಂಬ ಒಂದು ಮಾತಿಗೂ ಜಾಗವಿಲ್ಲ! ಬರೆದವರು ಒಂದನ್ನು, ಓದಿದವರು ಇನ್ನೊಂದನ್ನು ಎಣಿಸಿದರೆ ದವಡೆ 25.4 ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುವುದರಿಂದ ಅಪಾಯವಿಲ್ಲ. ಕಣ್ಣಿಗೆ ಬೀಳದ ತಪ್ಪುಗಳೇ ಕಷ್ಟದವು.

ಅವುಗಳನ್ನು ಹಿಡಿಯಲು ಹದಿನೆಂಟನೆಯ ಶತಮಾನದ ಆಯ್ಲರನ ಸೂತ್ರವೊಂದು ಇಂದಿಗೂ ಕೆಲಸಕ್ಕೆ ಬರುತ್ತದೆ. ತೂತಿಲ್ಲದ ಮುಚ್ಚಿದ ಮೈಯಲ್ಲಿ ಶೃಂಗಗಳ ಸಂಖ್ಯೆಯಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ 2 ಬರಬೇಕು. ಪ್ರತಿ ಅಂಚೂ ಸರಿಯಾಗಿ ಎರಡೇ ತ್ರಿಕೋನಗಳಿಗೆ ಸೇರಿರಬೇಕು. ಹಾಗಾಗಿ ಹತ್ತು ಲಕ್ಷ ತ್ರಿಕೋನಗಳಿದ್ದರೆ ಅಂಚುಗಳು ಹದಿನೈದು ಲಕ್ಷ, ಶೃಂಗಗಳು 5,00,002. ಇಡ್ಲಿಗೆ ಉತ್ತರ 2. ಉದ್ದಿನ ವಡೆಗೆ ಸೊನ್ನೆ. ಆಚೆಯಿಂದೀಚೆಗೆ ಹಾದುಹೋಗುವ ಒಂದೊಂದು ತೂತಿಗೂ ಎರಡೆರಡು ಕಡಿಮೆಯಾಗುತ್ತ ಹೋಗುತ್ತದೆ. ಬೆನ್ನುಮೂಳೆಯ ಒಂದು ಕಶೇರುಕ ನಿಜವಾಗಿಯೂ ವಡೆಯೇ, ನರಹುರಿಗೆ ಅಲ್ಲಿ ದಾರಿ ಬೇಕಷ್ಟೆ. ಆದರೆ ಇರಬೇಕಾದುದಕ್ಕಿಂತ ಎಂಟು ತೂತು ಹೆಚ್ಚಾಗಿವೆ ಎಂದು ಎಣಿಕೆ ಹೇಳಿದರೆ, ತೆಳುಮೂಳೆ ಎಲ್ಲೋ ಕರಗಿದೆಯೆಂದು ಹುಡುಕಬೇಕು. ಗಾತ್ರದ ಲೆಕ್ಕವೂ ಸೊಗಸಾದದ್ದು. ಹೊಲದ ಗಡಿಯನ್ನು ಸುತ್ತಿಬಂದು ಒಳಗೆ ಕಾಲಿಡದೆಯೇ ವಿಸ್ತೀರ್ಣ ಹೇಳುವ ಮೋಜಣಿದಾರನಂತೆ, ಮೈಮೇಲಿನ ತ್ರಿಕೋನಗಳನ್ನಷ್ಟೇ ಸುತ್ತಿ ಒಳಗಿನ ಘನಗಾತ್ರವನ್ನು ಪಡೆಯಬಹುದು.

ಮುದ್ರಣಯಂತ್ರ ಈ ಮೈಯನ್ನು ಅಡ್ಡಡ್ಡ ಸೀಳಿ, ಚಿರೋಟಿಯ ಪದರಗಳಂತೆ ಒಂದರ ಮೇಲೊಂದು ಇಡುತ್ತದೆ. 60 ಮಿಲಿಮೀಟರ್ ಎತ್ತರದ ದವಡೆಗೆ 0.1 ಮಿಲಿಮೀಟರಿನ 600 ಪದರಗಳು. ಸಿ.ಟಿ. ಚಿತ್ರದ ಹೋಳುಗಳು ಒಂದೊಂದು ಮಿಲಿಮೀಟರ್ ಅಂತರದಲ್ಲಿದ್ದರೆ ಹತ್ತು ಪದರಗಳಲ್ಲಿ ಅಳತೆಯಿಂದ ನೇರವಾಗಿ ಬಂದದ್ದು ಒಂದು. ಉಳಿದ ಒಂಬತ್ತು ನಡುವೆ ತುಂಬಿದವು. ಮುದ್ರಣದ ನಯಕ್ಕೂ ಅಳತೆಯ ನಿಖರತೆಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೂ ಈ ದಾರಿಯನ್ನು ಎಚ್ಚರದಿಂದ ನಡೆದವರು ಏನನ್ನು ಸಾಧಿಸಬಲ್ಲರೆಂಬುದನ್ನು ಮಿಶಿಗನ್ ವಿಶ್ವವಿದ್ಯಾನಿಲಯದ ಗ್ಲೆನ್ ಗ್ರೀನ್ ಮತ್ತು ಸ್ಕಾಟ್ ಹಾಲಿಸ್ಟರ್ ತೋರಿಸಿಕೊಟ್ಟರು. ಶ್ವಾಸನಾಳದ ಗೋಡೆ ಬಲಹೀನವಾಗಿ, ಉಸಿರು ಬಿಡುವಾಗಲೆಲ್ಲ ಕುಸಿದು ಮುಚ್ಚಿಕೊಳ್ಳುತ್ತಿದ್ದ ಒಂದು ಕೂಸು. ಅದರ ಸಿ.ಟಿ. ಚಿತ್ರದಿಂದ ಶ್ವಾಸನಾಳದ ಅಳತೆ ತೆಗೆದು, ಹೊರಗಿನಿಂದ ಕವಚದಂತೆ ಹಿಡಿದು ನಿಲ್ಲಿಸುವ ಪುಟ್ಟ ಕೊಳವೆಯನ್ನು ಲೇಸರ್ ಮುದ್ರಣದಿಂದ ತಯಾರಿಸಿ, 2012ರ ಫೆಬ್ರವರಿಯಲ್ಲಿ ಜೋಡಿಸಿದರು. ಕೂಸು ಬದುಕಿತು. ಕೊಳವೆಯ ವಸ್ತು ಪಾಲಿಕ್ಯಾಪ್ರೋಲ್ಯಾಕ್ಟೋನ್. ಕೆಲವು ವರ್ಷಗಳಲ್ಲಿ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ, ಅಷ್ಟರಲ್ಲಿ ನಾಳ ತಾನಾಗಿ ಬಲಿಯುತ್ತದೆ. 2013ರಲ್ಲಿ ಈ ವರದಿ ಪ್ರಕಟವಾಯಿತು. ಕೂಸಿನ ಶ್ವಾಸನಾಳದ ಶಾಖೆ ಕೆಲವೇ ಮಿಲಿಮೀಟರ್ ಅಗಲ. ಅಲ್ಲಿ ಹೊಸ್ತಿಲು ಅರ್ಧ ಮಿಲಿಮೀಟರ್ ತಪ್ಪಿದರೂ ಕವಚ ಸಡಿಲವಾಗುತ್ತದೆ, ಇಲ್ಲವೇ ಬಿಗಿಯಾಗುತ್ತದೆ.

ಕಲ್ಲಿನ ಮೇಲಿನ ಬೆಳಕು

ಒಳಗನ್ನು ಕಾಣಲು ಕ್ಷ-ಕಿರಣ ಬೇಕು. ಮೇಲ್ಮೈ ಮಾತ್ರ ಸಾಕಾದಲ್ಲಿ ಸಾಮಾನ್ಯ ಬೆಳಕೇ ಸಾಕು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಶಾಸನ ಯೋಜನೆ ಇಂಥದು. ಬಿ. ಎಲ್. ರೈಸ್ 1905ರ ಎಪಿಗ್ರಾಫಿಯ ಕರ್ನಾಟಿಕ ಸಂಪುಟದಲ್ಲಿ ದಾಖಲಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳಲ್ಲಿ ಅನೇಕವು ಇಂದು ಸ್ಥಳದಲ್ಲಿಲ್ಲ. ರಸ್ತೆಗೆ, ಪಾಯಕ್ಕೆ, ಚರಂಡಿಯ ಚಪ್ಪಡಿಗೆ ಹೋದವು ಎಷ್ಟೋ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಸುಮಾರು ಎಂಟನೆಯ ಶತಮಾನದ್ದು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಬಾಳಿದ ಆ ಕಲ್ಲು ಒಂದು ಜೆ.ಸಿ.ಬಿ.ಯ ಏಟಿಗೆ ಚೂರಾಗಬಹುದಾಗಿತ್ತು. ಕಲ್ಲು ಹೋದರೂ ರೂಪ ಉಳಿಯಲೆಂದು ಉಳಿದಿರುವ ಕಲ್ಲುಗಳನ್ನು ಮೂರು ಆಯಾಮದಲ್ಲಿ ಅಳೆದಿಡುವುದೇ ಈ ಕೆಲಸ.

ಹಳೆಯ ಕ್ರಮವೆಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಲೇಪಿಸಿ ತೆಗೆಯುವ ಪಡಿಯಚ್ಚು. ಹೊಸ ಕ್ರಮದಲ್ಲಿ ಕಲ್ಲಿನ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸಿ, ಪಕ್ಕದಿಂದ ಕ್ಯಾಮರಾ ನೋಡುತ್ತದೆ. ಅಕ್ಷರದ ತೋಡಿನಲ್ಲಿ ಪಟ್ಟೆ ಬಾಗುತ್ತದೆ. ಬೆಳಕಿನ ಮೂಲಕ್ಕೂ ಕ್ಯಾಮರಾಕ್ಕೂ ನಡುವಿನ ದೂರ ಗೊತ್ತು, ಎರಡು ಕೋನಗಳೂ ಗೊತ್ತು. ಮಿಕ್ಕದ್ದು ಪ್ರೌಢಶಾಲೆಯ ತ್ರಿಕೋನಮಿತಿ. ಹೀಗೆ ಮಿಲಿಮೀಟರಿನ ಭಾಗಾಂಶದವರೆಗೆ ಆಳ ದೊರೆಯುತ್ತದೆ. ಆಮೇಲೆ ಕಂಪ್ಯೂಟರಿನೊಳಗೆ ಬೇಕಾದ ದಿಕ್ಕಿನಿಂದ ದೀಪ ಹಿಡಿಯಬಹುದು. ಸಂಜೆಯ ಓರೆಬಿಸಿಲಿಗೆ ಶಾಸನ ಓದುವ ಹಳ್ಳಿಯ ಜಾಣ್ಮೆಯನ್ನೇ ಯಂತ್ರ ಅನುಕರಿಸುತ್ತದೆ.

ಒಂದೇ ನೋಟದಲ್ಲಿ ಇಡೀ ಕಲ್ಲು ಸಿಗದು. ತುಂಡುತುಂಡಾಗಿ ಅಳೆದು ಹೊಂದಿಸಬೇಕು. 1992ರಲ್ಲಿ ಬೆಸಲ್ ಮತ್ತು ಮೆಕೇ ವಿವರಿಸಿದ ಕ್ರಮದಂತೆ, ಒಂದು ತುಂಡಿನ ಪ್ರತಿ ಬಿಂದುವಿಗೂ ಇನ್ನೊಂದು ತುಂಡಿನಲ್ಲಿ ಅತಿ ಹತ್ತಿರದ ಬಿಂದುವನ್ನು ಹುಡುಕಿ, ಒಟ್ಟು ದೂರ ಕನಿಷ್ಠವಾಗುವಂತೆ ತುಂಡನ್ನು ತಿರುಗಿಸಿ ಸರಿಸಿ, ಮತ್ತೆ ಹುಡುಕಿ ಮತ್ತೆ ಸರಿಸುತ್ತ ಹೋಗಬೇಕು. ನುಣುಪಾದ ಬೋಳು ಕಲ್ಲಾದರೆ ಎರಡು ತುಂಡುಗಳು ಒಂದರ ಮೇಲೊಂದು ಜಾರಿ ಎಲ್ಲಿ ಬೇಕಾದರೂ ನಿಂತುಬಿಡುತ್ತವೆ. ಶಾಸನದಲ್ಲಿ ಹಾಗೆ ಜಾರದಂತೆ ಹಿಡಿಯುವುವು ಅಕ್ಷರಗಳೇ.

ಕೊನೆಯ ಹೆಜ್ಜೆ ಬಿಂದುಗಳಿಂದ ಮೈ ಕಟ್ಟುವುದು. ಕಾಜ್‌ಡನ್, ಬೊಲಿಥೊ ಮತ್ತು ಹೋಪ್ 2006ರಲ್ಲಿ ಕೊಟ್ಟ ವಿಧಾನ ಬಹಳ ಬಳಕೆಯಲ್ಲಿದೆ. ಗುರುತ್ವ ಮತ್ತು ವಿದ್ಯುತ್ತಿನ ಲೆಕ್ಕಕ್ಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ವಾಸಾನ್ ಬರೆದ ಸಮೀಕರಣವನ್ನೇ ಅವರು ಇಲ್ಲಿ ದುಡಿಸಿದರು: ವಸ್ತುವಿನ ಒಳಗೆಲ್ಲ 1, ಹೊರಗೆಲ್ಲ 0 ಇರುವ ಒಂದು ಕ್ಷೇತ್ರವನ್ನು, ಅದು ಏರುವ ದಿಕ್ಕು ಅಳೆದ ಮೈಯ ದಿಕ್ಕಿಗೆ ಒಪ್ಪುವಂತೆ ಹುಡುಕುವುದು. ದೊರೆಯುವ ಮೈ ಯಾವಾಗಲೂ ನೀರು ಸೋರದಂತೆ ಮುಚ್ಚಿರುತ್ತದೆ. ಮುದ್ರಣಕ್ಕೆ ಇದು ವರ. ಶಾಸನ ಓದುವವನಿಗೆ ಮಾತ್ರ ಇಲ್ಲೊಂದು ಹೊಂಡವಿದೆ. ಗೋಡೆಯೊಳಗೆ ಹುಗಿದ ಕಲ್ಲಿನ ಬೆನ್ನನ್ನು ಯಾರೂ ಅಳೆದಿಲ್ಲ. ಲೆಕ್ಕ ತಾನೇ ಒಂದು ಉಬ್ಬಿದ ಬೆನ್ನನ್ನು ಕಲ್ಪಿಸಿಕೊಡುತ್ತದೆ. ಅದು ನಗೆಪಾಟಲಿನ ಮಾತಾದೀತು. ಆದರೆ ಸುಣ್ಣ ಬಳಿದು ಮುಚ್ಚಿದ ಕಡೆ, ಬೆಳಕು ತಲುಪದ ಆಳದ ತೋಡಿನಲ್ಲಿ, ಅಳತೆ ಸಿಗದ ಬೆರಳಗಲದ ಜಾಗವನ್ನೂ ಅದು ನುಣ್ಣಗೆ ತುಂಬುತ್ತದೆ. ಇಂದಿನ ನಮ್ಮ ಲಿಪಿಯಲ್ಲೇ ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. ಅಂಥ ಗೀಟು ತುಂಬಿಹೋದರೆ ವೀರನ ಹೆಸರೇ ಬದಲಾಗುತ್ತದೆ, ಮತ್ತು ಮುದ್ರಿತ ಪ್ರತಿಯಲ್ಲಿ ಆ ಜಾಗ ಉಳಿದ ಕಲ್ಲಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದಂತೆ ಕಾಣುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರತಿ ತ್ರಿಕೋನದ ಸಮೀಪದಲ್ಲಿ ಅಳೆದ ಬಿಂದುಗಳು ಎಷ್ಟಿದ್ದವೆಂದು ಲೆಕ್ಕದ ನಡುವೆಯೇ ಗೊತ್ತಿರುತ್ತದೆ. ತುಂಬಿದವುಗಳನ್ನು ಕತ್ತರಿಸಿ ತೂತಾಗಿಯೇ ಬಿಡಬಹುದು, ಇಲ್ಲವೇ ಅವುಗಳಿಗೆ ಬೇರೆ ಬಣ್ಣ ಹಚ್ಚಬಹುದು. ಹಳೆಯ ಎಸ್.ಟಿ.ಎಲ್. ಕಡತದಲ್ಲಿ ಬಣ್ಣಕ್ಕೆ ಅಧಿಕೃತ ಸ್ಥಾನವಿರಲಿಲ್ಲ. 2015ರಲ್ಲಿ ಬಂದ ‘3ಎಂ.ಎಫ್.’ ಎಂಬ ಕಡತದಲ್ಲಿ ಅಳತೆಯ ಮಾನಕ್ಕೂ ಬಣ್ಣಕ್ಕೂ ಜಾಗವಿದೆ. ಕಲ್ಲಿನ ಬಣ್ಣದ ಪ್ರತಿಯಲ್ಲಿ, ಯಂತ್ರ ಊಹಿಸಿದ ಕಡೆಗಳಲ್ಲೆಲ್ಲ ಕುಂಕುಮದ ಕೆಂಪು ಕಾಣುವಂತೆ ಮುದ್ರಿಸಲು ಇಂದು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.